‘ಬಿ’ ಮಾರ್ಗದ ಮಕ್ಕಳು: ಕೆನರಾದ ಕ್ರೈಸ್ತ ಶಿಕ್ಷಣ ಚರಿತ್ರೆಯಲ್ಲಿ ವಿದ್ಯೆ, ವಾಣಿಜ್ಯ ಮತ್ತು ಕಸಬು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ವಾರದಲ್ಲಿ ಧರ್ಮಕೇಂದ್ರದ ಗುರುಗಳ ಮನೆಯ ಜಗಲಿಯಲ್ಲಿ ಕಾಣುವ ದೃಶ್ಯ ನಮಗೆಲ್ಲ ಪರಿಚಿತವಾದದ್ದೇ. ಅಂಕಪಟ್ಟಿಯನ್ನು ಹಿಡಿದ ತಾಯಿ, ಆಕೆಯ ಹಿಂದೆ ತಲೆತಗ್ಗಿಸಿ ನಿಂತ ಮಗ, “ಫಾದರ್, ಇವನನ್ನು ಯಾವುದಕ್ಕೆ ಸೇರಿಸಲಿ?” ಎಂಬ ಪ್ರಶ್ನೆ. ನಾವು ಅಂಕಪಟ್ಟಿಯನ್ನು ನೋಡುತ್ತೇವೆ. ಅಂಕಗಳು ಹೆಚ್ಚಿದ್ದರೆ ವಿಜ್ಞಾನ, ಸಾಧಾರಣವಾಗಿದ್ದರೆ ವಾಣಿಜ್ಯ, ಅದಕ್ಕೂ ಕಡಿಮೆಯಾದರೆ ಕಲಾ ವಿಭಾಗ, ತೇರ್ಗಡೆಯಾಗುವುದೇ ಪ್ರಯಾಸವಾಗಿದ್ದರೆ ಐ.ಟಿ.ಐ. ಹೀಗೆ ಎರಡು ನಿಮಿಷದಲ್ಲಿ ಸಲಹೆ ಕೊಟ್ಟು, ಆಶೀರ್ವದಿಸಿ ಕಳುಹಿಸುತ್ತೇವೆ. ಹುಡುಗನ ಕೈಗಳನ್ನು ನೋಡುವುದಿಲ್ಲ. ಅವನಿಗೆ ಏನು ಇಷ್ಟವೆಂದು ಕೇಳುವುದೂ ವಿರಳ.

ಈ ಶ್ರೇಣಿಯನ್ನು ನಾವು ಸೃಷ್ಟಿಯ ನಿಯಮವೆಂಬಂತೆ ಒಪ್ಪಿಕೊಂಡಿದ್ದೇವೆ. ಆದರೆ ಇದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಬರೆದವರು ಸರ್ಕಾರದ ಅಧಿಕಾರಿಗಳು ಮಾತ್ರ ಎಂದು ನಾವು ಭಾವಿಸಿದರೆ ಅದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುವ ಮಾತಾಗುತ್ತದೆ. ಕೆನರಾ ಕರಾವಳಿಯಲ್ಲಿ ಈ ವಿಂಗಡಣೆ ರೂಪುಗೊಂಡಾಗ ಕ್ರೈಸ್ತ ಸಭೆಗಳ ಕೈ ಅದರಲ್ಲಿ ಬಲವಾಗಿಯೇ ಇತ್ತು. ಆ ಕೈಯ ಗುರುತನ್ನು ಕಂಡುಕೊಳ್ಳುವುದು ಈ ಬರಹದ ಉದ್ದೇಶ.

1882ರ ಫೆಬ್ರವರಿಯಲ್ಲಿ ವೈಸರಾಯ್ ಲಾರ್ಡ್ ರಿಪನ್ ಅವರು ಡಬ್ಲ್ಯು. ಡಬ್ಲ್ಯು. ಹಂಟರ್ ಅವರ ಅಧ್ಯಕ್ಷತೆಯಲ್ಲಿ ಭಾರತದ ಮೊದಲ ಶಿಕ್ಷಣ ಆಯೋಗವನ್ನು ನೇಮಿಸಿದರು. (ರಿಪನ್ ಅವರು 1874ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದವರೆಂಬುದು ಇಲ್ಲಿ ಪ್ರಾಸಂಗಿಕ ಮಾತ್ರ.) ಆಯೋಗದ ಸದಸ್ಯರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ವಿಲಿಯಂ ಮಿಲ್ಲರ್ ಇದ್ದರು, ನಾಗಪಟ್ಟಣದ ಸಂತ ಜೋಸೆಫರ ಕಾಲೇಜಿನ ರೆಕ್ಟರ್ ಆಗಿದ್ದ ಯೇಸುಸಭೆಯ ಫಾದರ್ ಜ್ಯಾನ್ ಅವರೂ ಇದ್ದರು. ಅಂದರೆ ಮುಂದೆ ಹೇಳಲಿರುವ ಶಿಫಾರಸು ನಮ್ಮವರಿಗೆ ತಿಳಿಯದೆ ಆದದ್ದಲ್ಲ.

ಆಯೋಗ ಕಂಡ ದೋಷ ಸರಳವಾಗಿತ್ತು. ಪ್ರೌಢಶಾಲೆಯು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಮೆಟ್ಟಿಲಾಗಿತ್ತೇ ಹೊರತು ತನ್ನಷ್ಟಕ್ಕೆ ಒಂದು ಗುರಿಯಾಗಿರಲಿಲ್ಲ. ಮೆಟ್ಟಿಲು ಹತ್ತಲಾರದ ಬಹುಸಂಖ್ಯಾತ ಹುಡುಗರು ಇತ್ತ ಓದಿನಲ್ಲಿಯೂ ಸಲ್ಲದೆ, ಅತ್ತ ತಂದೆಯ ಕಸಬಿಗೂ ಮರಳಲಾರದೆ ನಡುವೆ ಉಳಿಯುತ್ತಿದ್ದರು. ಆದ್ದರಿಂದ ಪ್ರೌಢಶಾಲೆಯ ಮೇಲಿನ ತರಗತಿಗಳನ್ನು ಎರಡು ಕವಲುಗಳಾಗಿ ಒಡೆಯಬೇಕೆಂದು ಆಯೋಗ ಸೂಚಿಸಿತು. ಒಂದು ವಿಶ್ವವಿದ್ಯಾಲಯದ ಕಡೆಗೆ ಹೋಗುವ ಮಾರ್ಗ. ಇನ್ನೊಂದು ವಾಣಿಜ್ಯಕ್ಕೂ ಸಾಹಿತ್ಯೇತರ ಉದ್ಯೋಗಗಳಿಗೂ ಹುಡುಗರನ್ನು ಸಿದ್ಧಪಡಿಸುವ ವ್ಯಾವಹಾರಿಕ ಮಾರ್ಗ. ಶಿಕ್ಷಣದ ಚರಿತ್ರೆಯನ್ನು ಬರೆದವರು ಇವನ್ನು ‘ಎ’ ಮಾರ್ಗ, ‘ಬಿ’ ಮಾರ್ಗ ಎಂದು ಕರೆಯುತ್ತಾರೆ. ಈ ಅಕ್ಷರಗಳಲ್ಲಿಯೇ ತೀರ್ಪು ಅಡಗಿದೆಯಷ್ಟೆ.

‘ಬಿ’ ಮಾರ್ಗ ಬೇರು ಬಿಡಲಿಲ್ಲ. ಸರ್ಕಾರಿ ಕಚೇರಿಯ ಉದ್ಯೋಗವೂ ಕಾಲೇಜಿನ ಬಾಗಿಲೂ ಮೆಟ್ರಿಕ್ಯುಲೇಶನ್ ಎಂಬ ಒಂದೇ ಕೀಲಿಗೆ ತೆರೆಯುತ್ತಿದ್ದಾಗ ಬೇರೊಂದು ಕೀಲಿಯನ್ನು ಯಾವ ತಂದೆ ತನ್ನ ಮಗನಿಗೆ ಕೊಡಿಸಿಯಾನು? ಇಪ್ಪತ್ತು ವರ್ಷಗಳ ತರುವಾಯ, 1904ರಲ್ಲಿ, ಲಾರ್ಡ್ ಕರ್ಜನ್ ಅವರ ಸರ್ಕಾರ ಹೊರಡಿಸಿದ ಶಿಕ್ಷಣ ನೀತಿಯ ನಿರ್ಣಯದಲ್ಲಿ ಇದೇ ಕೊರತೆಯನ್ನು ಮತ್ತೆ ಹೇಳಬೇಕಾಯಿತು. ದಕ್ಷಿಣ ಕನ್ನಡವು ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ 1911ರ ಹೊತ್ತಿಗೆ ಎಸ್.ಎಸ್.ಎಲ್.ಸಿ. ಬಂದಿತು. ಅದರ ಪೂರ್ಣ ಹೆಸರನ್ನು ಒಮ್ಮೆ ನಿಧಾನವಾಗಿ ಓದಬೇಕು: ಅದು ಪ್ರೌಢಶಾಲೆಯನ್ನು ‘ಬಿಡುವ’ ಪ್ರಮಾಣಪತ್ರ. ಶಾಲೆಯನ್ನು ಮುಗಿಸಿ ಬಾಳಿಗೆ ಇಳಿಯುವವನ ಕೈಗೆ ಕೊಡುವ ಪತ್ರವೆಂಬ ಅರ್ಥ ಆ ಹೆಸರಿನಲ್ಲಿದೆ. ಇಂದು ಅದನ್ನು ಹಿಡಿದು ನಿಜವಾಗಿಯೂ ಶಾಲೆ ಬಿಡುವವನನ್ನು ನಾವು ಸೋತವನೆಂದೇ ಎಣಿಸುತ್ತೇವೆ.

ಆದರೆ ಹಂಟರ್ ಆಯೋಗ ಕುಳಿತು ಯೋಚಿಸುವುದಕ್ಕೆ ಮೂವತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಈ ಕವಲು ಒಡೆದಿತ್ತು. ಅದನ್ನು ಒಡೆದವರು ನಮ್ಮ ಸಭೆಯವರಲ್ಲ, ಬಾಸೆಲ್ ಮಿಶನ್ನಿನವರು. ಅವರ ಅನುಭವದಿಂದ ನಾವು ಕಲಿಯಬೇಕಾದದ್ದು ಬಹಳವಿರುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ.

1834ರ ಅಕ್ಟೋಬರ್ 30ರಂದು ಮಂಗಳೂರಿನ ದಡದಲ್ಲಿ ಇಳಿದ ಮೂವರಲ್ಲಿ ಸ್ಯಾಮುಯೆಲ್ ಹೆಬಿಕ್ ಒಬ್ಬರು. ಮಿಶನ್ ಸೇರುವ ಮೊದಲು ಅವರು ಲ್ಯೂಬೆಕ್ ನಗರದ ವ್ಯಾಪಾರ ಸಂಸ್ಥೆಯಲ್ಲಿ ದುಡಿದವರು. ಎರಡು ವರ್ಷಗಳ ಬಳಿಕ ಬಂದ ಹರ್ಮನ್ ಮೋಗ್ಲಿಂಗ್ ಅವರು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ ವಿದ್ವಾಂಸರು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದವರು. 1851ರಲ್ಲಿ ಮಗ್ಗಗಳನ್ನು ಸ್ಥಾಪಿಸಿದ ಹಾಲರ್ ನೇಯ್ಗೆಯವರು. ಖಾಕಿ ಬಣ್ಣಕ್ಕೆ ಅವರ ಹೆಸರು ತಗುಲಿಕೊಂಡಿದೆ. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಜಾರ್ಜ್ ಪ್ಲೆಬ್ಸ್ಟ್ ಯಂತ್ರಕುಶಲರು. ವರ್ತಕ, ಪಂಡಿತ, ನೇಕಾರ, ಯಂತ್ರಕಾರ ಎಲ್ಲರೂ ಒಂದೇ ಮಿಶನ್ನಿನ ಒಂದೇ ಪ್ರಾರ್ಥನೆಯಲ್ಲಿ ಮೊಣಕಾಲೂರಿದವರು. ವ್ಯೂರ್ಟೆಂಬರ್ಗ್‌ನ ರೈತರ ಮತ್ತು ಕುಶಲಕರ್ಮಿಗಳ ಮನೆಗಳಿಂದಲೇ ಬಾಸೆಲ್ ಸೆಮಿನರಿಗೆ ಹೆಚ್ಚಿನ ಯುವಕರು ಬರುತ್ತಿದ್ದರು. ಕೈಗೆಲಸವು ದೇವರ ಕರೆಗೆ ಓಗೊಡುವ ಒಂದು ರೀತಿ ಎಂಬ ಲೂಥರನ ಬೋಧನೆ ಅವರ ಪಾಲಿಗೆ ಮನೆಯ ಮಾತಾಗಿತ್ತು.

ಹಾಗಿದ್ದರೂ ಅವರು ಕಸಬನ್ನು ಶಾಲೆಯೊಳಗೆ ತಂದದ್ದು ಈ ಬೋಧನೆಯ ಒತ್ತಾಯದಿಂದಲ್ಲ, ಹಸಿವಿನ ಒತ್ತಾಯದಿಂದ. ದೀಕ್ಷಾಸ್ನಾನ ಪಡೆದವನು ಜಾತಿಯೊಡನೆ ಜೀವನೋಪಾಯವನ್ನೂ ಕಳೆದುಕೊಳ್ಳುತ್ತಿದ್ದ. ಬಿಲ್ಲವರು ಶೇಂದಿ ಇಳಿಸುವ ವೃತ್ತಿಯನ್ನು ಬಿಡಬೇಕೆಂದು ಮಿಶನ್ನೇ ವಿಧಿಸಿತ್ತು. ಭೂಮಾಲಿಕನು ಗೇಣಿಯಿಂದ ಬಿಡಿಸಿದರೆ ಹೋಗುವುದೆಲ್ಲಿಗೆ? ಬಡಗಿ ಕೆಲಸ, ಗಡಿಯಾರದ ಕೆಲಸ ಮೊದಲಾದ ಆರಂಭದ ಪ್ರಯೋಗಗಳು ನಿಲ್ಲಲಿಲ್ಲ. ಮುದ್ರಣಾಲಯ, ಮಗ್ಗ, ಹಂಚು ಇವು ನಿಂತವು. ನೇತ್ರಾವತಿಯ ದಡದ ಜೇಡಿಮಣ್ಣನ್ನು ಹದಗೊಳಿಸುವುದು, ಅಚ್ಚಿನಲ್ಲಿ ಒತ್ತುವುದು, ನೆರಳಿನಲ್ಲಿ ಬಿರಿಯದಂತೆ ಆರಿಸುವುದು, ಗೂಡಿನಲ್ಲಿ ಅಂತರ ಬಿಟ್ಟು ಪೇರಿಸುವುದು, ಬೆಂಕಿಯ ಬಣ್ಣ ನೋಡಿ ಶಾಖ ತಿಳಿಯುವುದು, ಬೆಂದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನಾದದಿಂದ ಬಿರುಕನ್ನು ಗುರುತಿಸುವುದು: ಇಷ್ಟನ್ನು ಕಲಿತವನನ್ನು ಅವಿದ್ಯಾವಂತನೆಂದು ಕರೆಯುವುದು ಹೇಗೆಂಬುದು ನಮಗೆ ತಿಳಿಯದು. ಅವನಿಗೆ ಪ್ರಮಾಣಪತ್ರವಿರಲಿಲ್ಲ, ಅಷ್ಟೆ.

ಇಲ್ಲಿಯೇ ವಿಂಗಡಣೆ ಆರಂಭವಾದುದು. ಮಿಶನ್ನಿನ ಬಾಲಕಾಶ್ರಮದ ಹುಡುಗರಲ್ಲಿ ಓದಿನಲ್ಲಿ ಮುಂದಿದ್ದವರನ್ನು ಉಪದೇಶಿಗಳಾಗಲು ಸೆಮಿನರಿಯ ಕಡೆಗೆ ಕಳುಹಿಸಿದರು, ಉಳಿದವರನ್ನು ಕಾರ್ಖಾನೆಯ ಕಡೆಗೆ. ಇದು ಕ್ರೂರ ನಿರ್ಧಾರವಾಗಿರಲಿಲ್ಲ. ಎರಡೂ ಕಡೆ ಅನ್ನವಿತ್ತು, ಎರಡೂ ಕಡೆ ಪ್ರಾರ್ಥನೆಯಿತ್ತು. ಆದರೂ ‘ಉಳಿದವರು’ ಎಂಬ ಪದ ಅಲ್ಲಿ ಹುಟ್ಟಿತು. ಲೂಥರನ ಬೋಧನೆ ಬಾಸೆಲ್‌ನಿಂದ ಮಂಗಳೂರಿಗೆ ಬರುವಷ್ಟರಲ್ಲಿ ಅರ್ಧ ದಾರಿಯಲ್ಲಿ ಎಲ್ಲಿಯೋ ಇಳಿದುಹೋಗಿತ್ತೆಂದು ತೋರುತ್ತದೆ. ನೇಯ್ಗೆಯ ಮನೆಯಿಂದ ಬಂದ ಯುವಕ ಯುರೋಪಿನಲ್ಲಿ ಮಿಶನರಿಯಾಗಬಹುದಿತ್ತು. ಮಂಗಳೂರಿನಲ್ಲಿ ಮಗ್ಗಕ್ಕೆ ಕುಳಿತವನಿಗೆ ಬೋಧನಾಪೀಠಕ್ಕೆ ಏರುವ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ನಂಟಿನ ಕಾರಣದಿಂದ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಅಲ್ಲಿಗೆ ಕಸಬು ಮತ್ತು ಸಭೆಯ ನಡುವಣ ಎಳೆಯೂ ಸಡಿಲವಾಯಿತು.

ಇನ್ನು ನಮ್ಮ ಕಡೆಯ ಕಥೆ. ಕೆನರಾದ ಕಥೋಲಿಕ ಪ್ರಮುಖರು ರೋಮಿಗೆ ಮನವಿಗಳನ್ನು ಕಳುಹಿಸಿ ಬೇಡಿದ್ದರಲ್ಲಿ ಉನ್ನತ ಶಿಕ್ಷಣವೇ ಮುಖ್ಯವಾಗಿತ್ತು. ಬಾಸೆಲ್ ಮಿಶನ್ನಿನ ಶಾಲೆಗಳಿಗೆ ತಮ್ಮ ಮಕ್ಕಳನ್ನು ಕಳುಹಿಸಲು ಅವರಿಗೆ ಅಳುಕಿತ್ತು. ಕಳುಹಿಸದಿದ್ದರೆ ಕಚೇರಿಗಳಲ್ಲಿ ತಮ್ಮವರಿಗೆ ಸ್ಥಾನವಿಲ್ಲದಾಗುವ ಭಯವಿತ್ತು. ಪೋಪ್ ಹದಿಮೂರನೆಯ ಲಿಯೋ ಅವರು 1878ರಲ್ಲಿ ಮಂಗಳೂರು ಮಿಶನ್ನನ್ನು ಯೇಸುಸಭೆಗೆ ಒಪ್ಪಿಸಿದರು. ವರ್ಷದ ಕೊನೆಯ ದಿನ ಗುರುಗಳು ಬಂದಿಳಿದರು. 1879ರಲ್ಲಿ ಸೆಮಿನರಿ, 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದವು. ಹಂಟರ್ ಆಯೋಗ ತನ್ನ ವಿಚಾರಣೆಯನ್ನು ನಡೆಸುತ್ತಿದ್ದ 1882ರಲ್ಲಿಯೇ ಈ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಯಿತು. ಅಲ್ಲಿ ಕವಲುಗಳ ಪ್ರಶ್ನೆಯೇ ಇರಲಿಲ್ಲ. 1599ರ ‘ರಾತಿಯೋ ಸ್ತುದಿಯೋರುಂ’ ಎಂಬ ಶಿಕ್ಷಣ ಸಂಹಿತೆಯಿಂದ ಯೇಸುಸಭೆ ಪಡೆದ ಪರಂಪರೆ ಭಾಷೆ, ಅಲಂಕಾರಶಾಸ್ತ್ರ, ತತ್ತ್ವಶಾಸ್ತ್ರಗಳದ್ದು. ಅದು ವಿಶ್ವವಿದ್ಯಾಲಯದ ಪರೀಕ್ಷೆಯೊಡನೆ ಸುಲಭವಾಗಿ ಹೊಂದಿಕೊಂಡಿತು.

ಅದೇ ಕಾಲದಲ್ಲಿ ಜೆಪ್ಪುವಿನ ಸಂತ ಜೋಸೆಫರ ಆಶ್ರಮದಲ್ಲಿ ಅನಾಥ ಮಕ್ಕಳಿಗೂ ಹೊಸದಾಗಿ ವಿಶ್ವಾಸಕ್ಕೆ ಬಂದ ಕುಟುಂಬಗಳಿಗೂ ಆಸರೆ ಸಿಕ್ಕಿತು, ಕೆಲಸದ ಕೋಣೆಗಳೂ ಬೆಳೆದವು. ಮರಗೆಲಸ, ಕೆತ್ತನೆ, ಕಮ್ಮಾರಿಕೆ ಮುಂತಾದವನ್ನು ಅಲ್ಲಿ ಕಲಿಸಿದರು. ದೇವಾಲಯಗಳಿಗೆ ಬೇಕಾದ ಪೀಠಗಳೂ ಪ್ರತಿಮೆಗಳೂ ಅಲ್ಲಿಂದ ಹೊರಟವು. 1890ರಲ್ಲಿ ಸೆಮಿನರಿಯೂ ಜೆಪ್ಪುವಿಗೆ ಸ್ಥಳಾಂತರವಾಯಿತು. ಹೀಗೆ ಲ್ಯಾಟಿನ್ ಓದುವವರೂ ಉಳಿ ಹಿಡಿಯುವವರೂ ನೆರೆಹೊರೆಯವರಾದರು. ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ದಾರಿ ಎಷ್ಟು ಅಗಲವಿತ್ತು? ಉಳಿ ಕೆಳಗಿಟ್ಟು ಲ್ಯಾಟಿನ್ ಹಿಡಿಯುವುದು ಊಹೆಗೂ ದೂರವಾಗಿತ್ತೆಂದೇ ನಾವು ತಿಳಿಯುತ್ತೇವೆ. ಲ್ಯಾಟಿನ್ ಕೆಳಗಿಟ್ಟು ಉಳಿ ಹಿಡಿಯಬೇಕೆಂದು ಬಯಸುವವರಂತೂ ಇರಲಿಲ್ಲ. ಮನೆತನವುಳ್ಳವನ ಮಗನಿಗೆ ಗುಡ್ಡದ ಮೇಲಿನ ಕಾಲೇಜು, ತಂದೆಯಿಲ್ಲದವನಿಗೆ ಜೆಪ್ಪುವಿನ ಕೆಲಸದ ಕೋಣೆ. ಎರಡನ್ನೂ ನಡೆಸಿದ್ದು ಒಂದೇ ಸಭೆ, ಒಂದೇ ಪ್ರೀತಿಯಿಂದಲೇ ನಡೆಸಿತೆಂಬುದನ್ನೂ ನಾವು ಒಪ್ಪುತ್ತೇವೆ. ಆದರೆ ಒಂದನ್ನು ವಿದ್ಯೆಯೆಂದೂ ಮತ್ತೊಂದನ್ನು ದಾನವೆಂದೂ ಬಗೆದದ್ದು ತಪ್ಪಾಯಿತು.

ಕಾಲೇಜಿನ ಪ್ರಾರ್ಥನಾಲಯವನ್ನು ನೋಡದ ಗುರುವಿದ್ಯಾರ್ಥಿ ಕರ್ನಾಟಕದಲ್ಲಿ ವಿರಳ. ಅದರ ಗೋಡೆ ಮತ್ತು ಛಾವಣಿಗಳ ಮೇಲಿನ ಚಿತ್ರಗಳನ್ನು ಹತ್ತೊಂಬತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ ಬರೆದ ಅಂತೋನಿಯೋ ಮೊಸ್ಕೇನಿ ಗುರುಗಳಲ್ಲ, ಯೇಸುಸಭೆಯ ಸಹೋದರರು. ಗುರುಪಟ್ಟವಿಲ್ಲದ, ಪೂಜೆ ಅರ್ಪಿಸದ, ಬಣ್ಣ ಅರೆದು ಸಾರುವೆಯ ಮೇಲೆ ನಿಂತು ದುಡಿದ ವ್ಯಕ್ತಿ. ಆ ಕಾಲೇಜಿನಿಂದ ಪದವಿ ಪಡೆದು ಹೊರಬಂದ ನೂರಾರು ವಕೀಲರ ಹೆಸರುಗಳನ್ನು ಇಂದು ಯಾರೂ ನೆನೆಯುವುದಿಲ್ಲ. ಪ್ರವಾಸಿಗಳು ಬರುವುದು ಈ ಸಹೋದರರ ಕೈಗೆಲಸವನ್ನು ನೋಡಲು.

ನಡುವಣ ಮಾರ್ಗವಾದ ವಾಣಿಜ್ಯದ ಕಥೆ ಬೇರೆ. ಅದನ್ನು ಶಾಲೆ ಬೆಳೆಸಲಿಲ್ಲ, ಪೇಟೆ ಬೆಳೆಸಿತು. ಕರಾವಳಿಯ ಕಥೋಲಿಕ ಯುವಕರು ಹಡಗು ಹತ್ತಿ ಮುಂಬಯಿಗೆ ಹೋದಾಗ ಅವರನ್ನು ಕಾಪಾಡಿದ್ದು ಟೈಪ್‌ರೈಟಿಂಗ್, ಶೀಘ್ರಲಿಪಿ, ಲೆಕ್ಕಪತ್ರ ಬರೆಯುವ ಜ್ಞಾನ. ಇವನ್ನು ಬಹುಪಾಲು ಸಂಜೆಯ ಖಾಸಗಿ ಸಂಸ್ಥೆಗಳಲ್ಲಿ ಕಲಿಯುತ್ತಿದ್ದರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಜಿಲ್ಲೆಯಲ್ಲಿ ಲೆಕ್ಕ ಬರೆಯುವವನಿಗೆ ಮರ್ಯಾದೆ ತಾನಾಗಿ ಬಂದಿತು. ಕಸಬಿಗೆ ಬಾರದ ಮರ್ಯಾದೆ ವಾಣಿಜ್ಯಕ್ಕೆ ಬಂದದ್ದೇಕೆ? ಅಂಗಿ ಕೊಳೆಯಾಗದ ಕೆಲಸವೆಂಬುದರ ಹೊರತು ನಮಗೆ ಬೇರೆ ಉತ್ತರ ಹೊಳೆಯುವುದಿಲ್ಲ.

ಸ್ವಾತಂತ್ರ್ಯದ ನಂತರದ ಭಾಗವನ್ನು ಬೇಗನೆ ಹೇಳಿ ಮುಗಿಸಬಹುದು. ಏಕೆಂದರೆ ಅದೇ ಕಥೆ ಮರಳಿ ಮರಳಿ ನಡೆದಿದೆ. 1952–53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳನ್ನೂ ಏಳು ಪಠ್ಯಗುಂಪುಗಳನ್ನೂ ಸೂಚಿಸಿತು. ಕೊಠಾರಿ ಆಯೋಗ ಹೈಯರ್ ಸೆಕೆಂಡರಿ ಹಂತದ ಅರ್ಧದಷ್ಟು ವಿದ್ಯಾರ್ಥಿಗಳು ವೃತ್ತಿಶಿಕ್ಷಣದಲ್ಲಿ ಇರಬೇಕೆಂದು ಬಯಸಿತು. ನಮ್ಮ ರಾಜ್ಯದಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ವೃತ್ತಿಶಿಕ್ಷಣದ ಕೋರ್ಸುಗಳು ಆರಂಭವಾದವು. ಜನ ಅವನ್ನು ಜೆ.ಓ.ಸಿ. ಎಂದರು. 1986ರ ನೀತಿ ಗುರಿಯನ್ನು ಇಳಿಸಿ, 1995ಕ್ಕೆ ಶೇಕಡಾ 25 ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2025ರೊಳಗೆ ಕನಿಷ್ಠ ಶೇಕಡಾ 50 ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದಿತು. ಅದೇ ದಾಖಲೆಯು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಉಲ್ಲೇಖಿಸುತ್ತದೆ: 19ರಿಂದ 24 ವರ್ಷದ ದುಡಿಯುವವರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇಕಡಾ 5ಕ್ಕಿಂತ ಕಡಿಮೆ. 1882ರಿಂದ ಆಯೋಗದ ಮೇಲೆ ಆಯೋಗ ಬಂದರೂ ‘ಬಿ’ ಮಾರ್ಗ ತುಂಬಲಿಲ್ಲ. ಆ ಮಾರ್ಗವನ್ನು ಶಿಫಾರಸು ಮಾಡಿದವರಲ್ಲಿ ತಮ್ಮ ಮಕ್ಕಳನ್ನು ಅದಕ್ಕೆ ಸೇರಿಸುವವರು ಇರಲಿಲ್ಲವೆಂಬುದೇ ಇದಕ್ಕೆ ಸಾಕಾದ ಕಾರಣ.

ದೇವಶಾಸ್ತ್ರದ ದೃಷ್ಟಿಯಿಂದ ಇಲ್ಲಿ ನಮಗೆ ನಿಜವಾದ ತೊಡಕೊಂದಿದೆ. ಅದನ್ನು ಸಿರಾಖನ ಗ್ರಂಥದ 38ನೆಯ ಅಧ್ಯಾಯದ ಕೊನೆಯ ಭಾಗದಷ್ಟು ಪ್ರಾಮಾಣಿಕವಾಗಿ ಬೇರಾವ ಗ್ರಂಥವೂ ಹೇಳುವುದಿಲ್ಲ. ಶಾಸ್ತ್ರಿಯ ಜ್ಞಾನಕ್ಕೆ ಬಿಡುವು ಬೇಕೆನ್ನುತ್ತಾನೆ ಸಿರಾಖ. ಬಳಿಕ ನೇಗಿಲಿನವನನ್ನು, ಮುದ್ರೆ ಕೆತ್ತುವವನನ್ನು, ಕುಲುಮೆಯ ಬಿಸಿಗೆ ಮೈ ಒಡ್ಡಿದ ಕಮ್ಮಾರನನ್ನು, ಕಾಲಿನಿಂದ ಚಕ್ರ ತಿರುಗಿಸುವ ಕುಂಬಾರನನ್ನು ಒಬ್ಬೊಬ್ಬರಾಗಿ ಪ್ರೀತಿಯಿಂದ ಚಿತ್ರಿಸುತ್ತಾನೆ. ಇವರಿಲ್ಲದೆ ಊರು ಊರಾಗದೆಂದು ಒಪ್ಪುತ್ತಾನೆ. ಆದರೂ ಇವರನ್ನು ಸಭೆಯ ಆಲೋಚನೆಗೆ ಕರೆಯುವುದಿಲ್ಲ, ನ್ಯಾಯಪೀಠದಲ್ಲಿ ಕುಳ್ಳಿರಿಸುವುದಿಲ್ಲವೆಂದೂ ಸೇರಿಸುತ್ತಾನೆ. ಇವರ ಪ್ರಾರ್ಥನೆ ಇವರ ಕಸಬಿನಲ್ಲಿಯೇ ಇದೆಯೆಂಬುದು ಅವನ ಕೊನೆಯ ಮಾತು. ಸಿರಾಖ ಇದನ್ನು ಹೊಗಳಿಕೆಯಾಗಿ ಹೇಳಿದನೋ ಅಂತರ ಕಾಯ್ದುಕೊಳ್ಳಲು ಹೇಳಿದನೋ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ನಜರೇತಿನವರು ಯೇಸುವನ್ನು ಬಡಗಿಯೆಂದು ಕರೆದಾಗ ಅದು ಹೊಗಳಿಕೆಯಾಗಿರಲಿಲ್ಲವೆಂಬುದು ಮಾತ್ರ ಮಾರ್ಕನ ಶುಭಸಂದೇಶದಿಂದ ಸ್ಪಷ್ಟ.

ಧರ್ಮಸಭೆಯ ಚರಿತ್ರೆಯಲ್ಲಿ ಈ ಅಂತರವನ್ನು ದಾಟಲು ಯತ್ನಿಸಿದವರಿದ್ದಾರೆ. ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರು ರೂಆನ್ ನಗರದ ಸೇಂಟ್ ಯೋನ್ ವಸತಿಶಾಲೆಯಲ್ಲಿ ವ್ಯಾಪಾರಿಗಳ ಮಕ್ಕಳಿಗೆ ಬೇಕಾದ ವಿಷಯಗಳನ್ನು ಕಲಿಸಿದರು. ಸಂತ ಜಾನ್ ಬೋಸ್ಕೊ ವಿದ್ಯಾರ್ಥಿಯಾಗಿದ್ದಾಗ ದರ್ಜಿಯ ಮನೆಯಲ್ಲಿ ತಂಗಿ ಸೂಜಿ ಹಿಡಿಯಲು ಕಲಿತವರು. 1853ರಲ್ಲಿ ಟ್ಯೂರಿನ್‌ನಲ್ಲಿ ಪಾದರಕ್ಷೆಯ ಮತ್ತು ಹೊಲಿಗೆಯ ಕೋಣೆಗಳನ್ನು ತೆರೆದರು. ಬಳಿಕ ಪುಸ್ತಕ ಕಟ್ಟುವುದು, ಮರಗೆಲಸ, ಮುದ್ರಣ ಸೇರಿದವು. ಅಲ್ಲಿಯೂ ‘ಓದುವವರು’ ಮತ್ತು ‘ಕಸಬಿನವರು’ ಎಂಬ ಎರಡು ಗುಂಪುಗಳಿದ್ದವು. ಆದರೆ ಕಸಬು ಕಲಿಸುವ ಸಹೋದರರನ್ನು ಅವರು ತಮ್ಮ ಸಭೆಯ ಪೂರ್ಣ ಸದಸ್ಯರೆಂದೇ ಪರಿಗಣಿಸಿದರು. 1955ರಲ್ಲಿ ಹನ್ನೆರಡನೆಯ ಪಿಯುಸ್ ಅವರು ಮೇ 1ನ್ನು ಕಾರ್ಮಿಕನಾದ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣ ಘೋಷಣೆಯಲ್ಲಿ ವೃತ್ತಿ ಮತ್ತು ತಾಂತ್ರಿಕ ಶಾಲೆಗಳ ಹೆಸರೆತ್ತಿ ಕಾಳಜಿ ತೋರಿತು.

ಇಷ್ಟಾದರೂ ಗುರುಪಟ್ಟದ ದಾರಿ ‘ಎ’ ಮಾರ್ಗದಲ್ಲಿಯೇ ಇದೆ. ಧರ್ಮಸಭೆಯ ಕಾನೂನು ಸಂಹಿತೆಯ 234ನೆಯ ನಿಯಮದ ಎರಡನೆಯ ಪರಿಚ್ಛೇದ, ಆಯಾ ಪ್ರದೇಶದ ಯುವಕರು ಉನ್ನತ ವ್ಯಾಸಂಗಕ್ಕೆ ಸಿದ್ಧರಾಗುವಂಥ ಮಾನವಿಕ ಹಾಗೂ ವೈಜ್ಞಾನಿಕ ಶಿಕ್ಷಣವನ್ನೇ ಗುರುಪಟ್ಟದ ಅಭ್ಯರ್ಥಿಗಳೂ ಪಡೆಯಬೇಕೆಂದು ಹೇಳುತ್ತದೆ. ಇದಕ್ಕೆ ಸಕಾರಣವಿದೆ, ತತ್ತ್ವಶಾಸ್ತ್ರವನ್ನು ಓದಲಾರದವನು ಸಂದೇಹಪಡುವವನಿಗೆ ಉತ್ತರ ಕೊಡಲಾರ. ದೇವಶಾಸ್ತ್ರದ ಬೋಧಕರಾದ ನಾವು ಇದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದೇ ಪರಿಚ್ಛೇದದಲ್ಲಿ, ಸಂದರ್ಭವು ಬೇರೆ ಸೂಚಿಸಿದ ಹೊರತು ಎಂಬ ವಿನಾಯಿತಿಯೂ ಇದೆ. ನಮ್ಮಲ್ಲಿ ಆ ವಿನಾಯಿತಿಯನ್ನು ತೆರೆದು ನೋಡಿದವರು ಕಡಿಮೆ. ಪಿ.ಯು.ಸಿ. ಮುಗಿಸಿದವನಲ್ಲಿ ‘ದೈವಕರೆ’ಯನ್ನು ಹುಡುಕುತ್ತೇವೆ, ಐ.ಟಿ.ಐ. ಮುಗಿಸಿದವನಲ್ಲಿ ‘ವೃತ್ತಿ’ಯನ್ನಷ್ಟೇ ಕಾಣುತ್ತೇವೆ. ಲ್ಯಾಟಿನಿನಲ್ಲಿ ಇವೆರಡಕ್ಕೂ ಮೂಲವಾದ ಪದ ‘ವೊಕಾತ್ಸಿಯೋ’ ಒಂದೇ ಎಂಬುದನ್ನು ತರಗತಿಯಲ್ಲಿ ಹೇಳುತ್ತೇವೆ, ಸಂದರ್ಶನದ ಕೋಣೆಯಲ್ಲಿ ಮರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂದರ್ಶನದಲ್ಲಿ ನಾವೂ ಕುಳಿತಿದ್ದೆವು. ಫಿಟ್ಟರ್ ತರಬೇತಿ ಮುಗಿಸಿ ಎರಡು ವರ್ಷ ದುಡಿದಿದ್ದ ಯುವಕನೊಬ್ಬ ಗುರುವಾಗಬೇಕೆಂದು ಬಂದಿದ್ದ. ಮೊದಲು ಪಿ.ಯು.ಸಿ. ಮಾಡಿಕೊಂಡು ಬಾ ಎಂದೆವು. ಅವನು ಹಿರಿಯನಾಗಿ ಕಿರಿಯರ ನಡುವೆ ಕುಳಿತು ಓದಿದ, ಇಂಗ್ಲಿಷ್‌ನಲ್ಲಿ ಒಮ್ಮೆ ಅನುತ್ತೀರ್ಣನಾದ, ಮತ್ತೆ ನಮ್ಮ ಬಳಿಗೆ ಬರಲಿಲ್ಲ. ಈಗ ಅವನು ಬೇರೊಂದು ಧಾರ್ಮಿಕ ಸಭೆಯಲ್ಲಿ ಸಹೋದರ. ಹುಡುಗರಿಗೆ ಲೇತ್ ಮತ್ತು ವೆಲ್ಡಿಂಗ್ ಕಲಿಸುತ್ತಾನೆ. ಕಳೆದ ಮೇ ತಿಂಗಳಲ್ಲಿ ಅವನಿಂದ ಪತ್ರ ಬಂದಿತು. ದೂರಿನ ಮಾತು ಒಂದೂ ಇರಲಿಲ್ಲ. ತನ್ನಲ್ಲಿಗೆ ಬರುವವರೆಲ್ಲ ಬೇರೆಲ್ಲೂ ಸ್ಥಳ ಸಿಗದವರೇ ಆಗಿದ್ದಾರೆ, ಲೇತ್‌ನ ಅಳತೆಯ ಲೆಕ್ಕಕ್ಕೆ ಗಣಿತ ಚೆನ್ನಾಗಿ ಬೇಕು, ನಿಮ್ಮ ಧರ್ಮಕೇಂದ್ರಗಳಲ್ಲಿ ಒಳ್ಳೆಯ ಅಂಕ ಪಡೆದು ಯಂತ್ರದಲ್ಲಿ ಆಸಕ್ತಿಯಿರುವ ಹುಡುಗರಿದ್ದರೆ ಕಳುಹಿಸಿಕೊಡಿ ಎಂದು ಕೇಳಿದ್ದ. ನಾವು ಇದುವರೆಗೆ ಒಬ್ಬನನ್ನೂ ಕಳುಹಿಸಿಲ್ಲ.